ಚಾರ್ಜಿಗಿಟ್ಟ ಕೋಣೆಯ ದೀಪ

ಫ್ಯೂಸ್ ಹೋಗಿರಲಿಲ್ಲ.

ಚಾರ್ಜರಿನ ಮುಚ್ಚಳ ಬಿಚ್ಚಿ, ಗಾಜಿನ ಫ್ಯೂಸನ್ನು ಬಾಗಿಲ ಬೆಳಕಿಗೆ ಹಿಡಿದು ಮೂರು ಸಲ ನೋಡಿದೆ. ಒಳಗಿನ ತಂತಿ ಒಂದಿಷ್ಟೂ ಕಪ್ಪಾಗಿರಲಿಲ್ಲ, ತುಂಡಾಗಿರಲಿಲ್ಲ. ಪೊಲೀಸರು ಬರೆದ ಹಾಗೆ ಬ್ಯಾಟರಿ ಒಳಗೇ ಶಾರ್ಟ್ ಆಗಿ ಸಿಡಿದಿದ್ದರೆ ಮೊದಲು ಸಾಯಬೇಕಾದದ್ದು ಈ ಫ್ಯೂಸು. ಪಂಚನಾಮೆ ಬರೆದ ಪುಣ್ಯಾತ್ಮ ಚಾರ್ಜರಿನ ಮುಚ್ಚಳವನ್ನೇ ಬಿಚ್ಚಿರಲಿಲ್ಲ. ನನಗೆ ಮೈಯೆಲ್ಲಾ ಉರಿಯಿತು.

"ಏನಾದ್ರೂ ಸಿಕ್ತಾ ಸಾರ್?" ಹೊಸ್ತಿಲ ಆಚೆಯಿಂದ ಗಂಗಣ್ಣ ಕೇಳಿದ. ಪಕ್ಕದ ಮನೆಯವನು, ಈ ಮನೆಯ ಬೀಗದ ಕೈ ಅವನ ಹತ್ತಿರವೇ ಇತ್ತು. ಸಾವು ಕಂಡ ಕೋಣೆ ಅಂತ ಒಳಗೆ ಕಾಲಿಡುತ್ತಿರಲಿಲ್ಲ.

"ಸಿಗ್ತಾ ಇದೆ. ನೀನು ಬೆಳಕಿಗೆ ಅಡ್ಡ ನಿಲ್ಲಬೇಡ."

ನಾನು ಅಶ್ವತ್ಥಪ್ಪ. ಕರೆಂಟ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಲೈನ್ ಇನ್ಸ್‌ಪೆಕ್ಟರ್ ಆಗಿದ್ದೆ. ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟು ಕದಿಯುವವರನ್ನು ಹಿಡಿದು, ಊರೂರಿನ ಬೈಗುಳ ತಿಂದು ರಿಟೈರಾದವನು. ಆಮೇಲೆ ಸುಮ್ಮನೆ ಮನೆಯಲ್ಲಿ ಕೂರಲು ಬಾರದೆ ಈ ಪತ್ತೇದಾರಿಕೆ ಹಚ್ಚಿಕೊಂಡೆ. ನನ್ನ ಹೆಂಡತಿ ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಅದು ಇಲ್ಲಿ ಬೇಡ.

ಎರಡು ವಾರದ ಹಿಂದೆ, ಒಂದು ಶುಕ್ರವಾರ ಸಂಜೆ, ಕುಂದುರ್ಪಿ ಹತ್ತಿರದ ಜಂಬುಗಾನಹಳ್ಳಿಯ ಇದೇ ಉಗ್ರಾಣದಲ್ಲಿ ಚಾರ್ಜಿಗಿಟ್ಟಿದ್ದ ಬ್ಯಾಟರಿ ಬಂಡಿ ಸಿಡಿದಿತ್ತು. ಹೊಲದಿಂದ ಬಂದು ಬಾಗಿಲು ತೆಗೆಯಲು ಹೋದ ಮನೆಯ ಯಜಮಾನ ತಿಪ್ಪೇಸ್ವಾಮಿಯ ಎದೆಗೆ ಬಾಗಿಲೇ ಬಡಿದು, ಅವನು ಕಲ್ಲಿನ ಮೇಲೆ ಬಿದ್ದು ಸತ್ತ. ಬಂಡಿ ಕಟ್ಟಿಕೊಟ್ಟ ಹಿಂದೂಪುರದ ಆನಂದಕುಮಾರ್ ಸಬ್‌ಜೈಲು ಸೇರಿದ್ದ. ಹಳೇ ಬ್ಯಾಟರಿಗೆ ಬಣ್ಣ ಬಳಿದು ಬಡವರಿಗೆ ಅಂಟಿಸಿದ ಅನ್ನುವುದು ಅವನ ಮೇಲಿನ ಆರೋಪ. ಸೋಮವಾರ ಕಲ್ಯಾಣದುರ್ಗದ ಕೋರ್ಟಿನಲ್ಲಿ ಜಾಮೀನಿನ ವಿಚಾರಣೆ. ನಾನು ಆ ಉಗ್ರಾಣಕ್ಕೆ ಕಾಲಿಟ್ಟ ದಿನ ಶುಕ್ರವಾರ.

"ನನ್ನ ಮಗ ಯಾರ್ನೂ ಕೊಲ್ಲೋನಲ್ಲ ಕಣಪ್ಪ. ಯಾರು ಮಾಡಿದ್ರು ಅಂತ ಹುಡುಕ್ಕೊಡು," ಎಂದು ಅವನ ತಾಯಿ ಕದಿರಮ್ಮ ನನ್ನ ಎರಡೂ ಕೈ ಹಿಡಿದುಕೊಂಡಿದ್ದಳು. ನೇಯ್ದು ನೇಯ್ದು ಒರಟಾದ ಕೈ. ಹುಡುಕಿಕೊಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟಿದ್ದೆ.

ಆನಂದಕುಮಾರನ ಬಂಡಿ ನೋಡಲು ಲಕ್ಷಣವಾಗಿರಲಿಲ್ಲ. ಗುಜರಿ ಮೊಪೆಡ್ಡಿನ ಚೌಕಟ್ಟು, ಮೂರು ಚಕ್ರ, ಹಿಂದೆ ತಗಡಿನ ತೊಟ್ಟಿ, ಸೀಟಿನ ಕೆಳಗೆ ನಾಲ್ಕು ಬ್ಯಾಟರಿ. ಆದರೆ ಆ ವರ್ಷ, ಎರಡು ಸಾವಿರದ ಎಂಟರಲ್ಲಿ, ಪೇಟೆಯ ಅಂಗಡಿಗಳಿಗೆ ಬಂದಿದ್ದ ಬ್ಯಾಟರಿ ಸ್ಕೂಟರಿನ ಬೆಲೆಯ ಮೂರನೇ ಒಂದು ಪಾಲಿಗೆ ಅವನ ಬಂಡಿ ಸಿಗುತ್ತಿತ್ತು. ಬಡವರನ್ನು ಹೆದರಿಸುವುದು ಬ್ಯಾಟರಿಯ ಬೆಲೆ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ "ಬಂಡಿ ನಿಮ್ಮದು, ಬ್ಯಾಟರಿ ನನ್ನದು" ಎನ್ನುತ್ತಿದ್ದ. ಬಾಡಿಗೆ ಸೈಕಲ್ಲಿನ ಹಾಗೆ ಬ್ಯಾಟರಿಗೆ ಬಾಡಿಗೆ. ಸತ್ತ ಬ್ಯಾಟರಿ ಅವನೇ ಬದಲಾಯಿಸಿ ಕೊಡುತ್ತಿದ್ದ.

ರೊದ್ದಂ, ಚಿಲಮತ್ತೂರು, ಕುಂದುರ್ಪಿಯ ಡ್ವಾಕ್ರಾ ಉಳಿತಾಯ ಸಂಘದ ಹೆಂಗಸರು ಒಟ್ಟು ಮೂವತ್ತನಾಲ್ಕು ಬಂಡಿ ತೆಗೆದುಕೊಂಡಿದ್ದರು. ತಲೆಯ ಮೇಲೆ ಮೂಟೆ ಹೊತ್ತು ಬಸ್ಸಿನ ಕಂಡಕ್ಟರನಿಗೆ ಕೈಮುಗಿಯುತ್ತಿದ್ದ ಹೆಂಗಸರು ಅವರು. ಆನಂದಕುಮಾರನಿಗೆ ಜಾಮೀನು ಸಿಗದಿದ್ದರೆ ಅಷ್ಟೂ ಬಂಡಿ ಜಪ್ತಿ ಮಾಡುತ್ತಾರೆ ಅನ್ನುವ ಸುದ್ದಿ ಆಗಲೇ ಹರಡಿತ್ತು.

ಬ್ಯಾಟರಿಗಳನ್ನು ಒಂದೊಂದಾಗಿ ಮಗುಚಿ ನೋಡಿದೆ. ಎರಡರ ನೆತ್ತಿ ಹಾರಿಹೋಗಿತ್ತು. ಆದರೆ ಒಳಗಿನ ಸೀಸದ ತಗಡುಗಳು ಹೊಸವಾಗಿದ್ದವು. ಆನಂದಕುಮಾರ್ ಮೋಸ ಮಾಡಿರಲಿಲ್ಲ.

ಹಾಗಾದರೆ ಸಿಡಿದದ್ದು ಬ್ಯಾಟರಿ ಬಿಟ್ಟ ಗಾಳಿ. ಈ ಜಾತಿಯ ಬ್ಯಾಟರಿ ಚಾರ್ಜ್ ಆಗುವಾಗ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಒಂದು ಗಾಳಿ ಬಿಡುತ್ತದೆ. ಬಯಲಿನಲ್ಲಿದ್ದರೆ ಅದು ಹಾರಿಹೋಗುತ್ತದೆ, ಯಾರಿಗೂ ತೊಂದರೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಸೇರಿಕೊಂಡು ಬೆಂಕಿ ತಾಕಿದರೆ ಗೋಡೆ ನಡುಗುತ್ತದೆ. ಹೊರಗೆ ಜಗಲಿಯಲ್ಲೇ ಚಾರ್ಜಿಗಿಡಿ ಎಂದು ಆನಂದಕುಮಾರ್ ಎಲ್ಲರಿಗೂ ಹೇಳಿಯೇ ಕೊಡುತ್ತಿದ್ದ. ಯಾಕೆ ಅಂತ ಮಾತ್ರ ಬಿಡಿಸಿ ಹೇಳಿರಲಿಲ್ಲ.

"ಗಂಗಣ್ಣ, ಬಂಡಿಯನ್ನ ಒಳಗ್ಯಾಕೆ ತಂದಿಟ್ಟಿದ್ರು?"

"ಕಳ್ರ ಕಾಟ ಸಾರ್. ಸೀಸಕ್ಕೆ ಒಳ್ಳೆ ರೇಟು ಐತಂತೆ. ಕುಂದುರ್ಪಿಯಾಗೆ ಟ್ರಾಕ್ಟರ್ ಬ್ಯಾಟರಿನೇ ಕಿತ್ಕೊಂಡೋದ್ರು. ಅದಕ್ಕೇ ತಿಪ್ಪೇಸ್ವಾಮಿ ಒಳೀಕೆ ತಳ್ಳಿ ಬಾಗ್ಲು ಹಾಕಿ ಬರೀ ಚಿಲ್ಕ ಇಕ್ತಿದ್ದ."

ಗಾಳಿ ಸೇರಿದ್ದು ಹೇಗೆ ಅಂತ ತಿಳಿಯಿತು. ಬೆಂಕಿ ಎಲ್ಲಿಂದ ಬಂತು? ಸ್ವಿಚ್ಚು ಹೊರಗಿನ ಗೋಡೆಯ ಮೇಲಿತ್ತು. ಒಲೆ ದೂರ. ತಿಪ್ಪೇಸ್ವಾಮಿ ಬೀಡಿ ಸೇದುತ್ತಿರಲಿಲ್ಲ.

ಸೂರಿನಿಂದ ಒಂದು ಕಲ್ಲು ಚಪ್ಪಡಿ ಜಾರಿ ಮೂಲೆಯಲ್ಲಿ ಒರಗಿತ್ತು. ಅದರ ಹಿಂದಿನ ಸಂದಿಗೆ ಕೈ ಹಾಕಿದೆ. ತಣ್ಣನೆಯ ಏನೋ ಸಿಕ್ಕಿತು.

ಹಿತ್ತಾಳೆಯ ಪುಟ್ಟ ದೀಪ. ಒಂದು ಕಡೆ ಜಜ್ಜಿಹೋಗಿತ್ತು. ತಳದಲ್ಲಿ ಜಿಡ್ಡಿನ ಎಣ್ಣೆ, ಎಣ್ಣೆಯಲ್ಲಿ ಅಂಟಿಕೊಂಡ ಅರ್ಧ ಸುಟ್ಟ ಬತ್ತಿ. ಸಿಡಿದ ರಭಸಕ್ಕೆ ದೀಪ ಆರಿ, ಬತ್ತಿ ಹಾಗೇ ಉಳಿದಿತ್ತು.

ಶುಕ್ರವಾರ. ಸಂಜೆ. ಮನೆಗೆ ಬಂದ ಹೊಸ ಬಂಡಿಯ ಮುಂದೆ ಲಕ್ಷ್ಮಿಗೆ ಹಚ್ಚಿದ ದೀಪ. ಈ ಮನೆಯಲ್ಲಿ ದೀಪ ಹಚ್ಚುವವಳು ತಿಪ್ಪೇಸ್ವಾಮಿಯ ಹೆಂಡತಿ ಉಡುಸಲಮ್ಮ. ಗಂಡನನ್ನು ಕಳೆದುಕೊಂಡವಳ ಮುಂದೆ ನಿಂತು ನಿನ್ನ ದೀಪವೇ ಅವನನ್ನು ತಿಂದಿತು ಎಂದು ಹೇಳುವುದು ಹೇಗೆ?

ದೀಪವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಗೆ ಬಂದೆ. ಗಂಗಣ್ಣ ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಇನ್ನೊಂದು ವಿಷ್ಯ ಸಾರ್. ಪೊಲೀಸ್ನೋರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಅವತ್ತು ಮುಸ್ಸಂಜೇಲಿ ರಾಮಾಂಜಿನೇಯನ ಆಟೋ ಆ ಹೊಂಗೆ ಮರದಡಿ ನಿಂತಿತ್ತು."

"ಯಾವ ರಾಮಾಂಜಿನೇಯ?"

"ಕಲ್ಯಾಣದುರ್ಗದೋನು. ಬ್ಯಾಟರಿ ಬಂಡಿಗೆ ಬೆಂಕಿ ಇಕ್ತೀನಿ ಅಂತ ಸ್ಟ್ಯಾಂಡಾಗೆ ನಿಂತು ಕೂಗಾಡಿದ್ನಲ್ಲ, ಅವ್ನೇ."

*

ಕಲ್ಯಾಣದುರ್ಗದ ಆಟೋ ಸ್ಟ್ಯಾಂಡಿನಲ್ಲಿ ರಾಮಾಂಜಿನೇಯ ತನ್ನ ಡೀಸೆಲ್ ಆಟೋದ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದ. ದಪ್ಪ ಮೀಸೆ, ಕೆಂಪು ಕಣ್ಣು. ನಾನು ಆಟೋದ ತಗಡಿಗೆ ಬಡಿದೆ.

"ಎಕ್ಕಡಿಕಿ ಸಾರ್?" ಎಂದು ಎದ್ದು ಕೂತ.

"ಜಂಬುಗಾನಹಳ್ಳಿಗೆ. ದಾರಿ ನಿಂಗೆ ಚೆನ್ನಾಗಿ ಗೊತ್ತಲ್ಲ."

ಅವನ ಮುಖದಿಂದ ನಿದ್ದೆ ಹಾರಿಹೋಯಿತು. "ನೀವ್ಯಾರು?"

"ಆನಂದಕುಮಾರನ ಕಡೆಯವನು. ಎರಡು ವಾರದ ಹಿಂದೆ, ಶುಕ್ರವಾರ, ಸಂಜೆ. ತಿಪ್ಪೇಸ್ವಾಮಿ ಮನೆ ಹತ್ರ ನಿಂಗೇನು ಕೆಲ್ಸ?"

"ನಾನು ಹೋಗೇ ಇಲ್ಲ."

"ಹೊಂಗೆ ಮರದ ಕೆಳಗೆ ನಿನ್ನ ಆಟೋ ನೋಡಿದೋರು ಇದ್ದಾರೆ. ಬೆಂಕಿ ಇಕ್ತೀನಿ ಅಂತ ನೀನು ಕೂಗಿದ್ದು ಕೇಳಿದೋರು ಇಲ್ಲೇ ಹತ್ತು ಜನ ಇದ್ದಾರೆ. ಇದನ್ನ ನಾನು ಸ್ಟೇಷನ್ನಿಗೆ ಹೋಗಿ ಹೇಳಿದ್ರೆ ಏನಾಗುತ್ತೆ ನೀನೇ ಯೋಚ್ನೆ ಮಾಡು."

ಅವನು ಆಟೋದಿಂದ ಇಳಿದ. ನನಗಿಂತ ಒಂದು ಗೇಣು ಎತ್ತರ. ನನ್ನ ಅಂಗಿಯ ಕಾಲರಿಗೆ ಕೈ ಹಾಕುತ್ತಾನೆ ಅಂದುಕೊಂಡೆ. ನಿಜ ಹೇಳುತ್ತೇನೆ, ಒಂದು ಹೆಜ್ಜೆ ಹಿಂದೆ ಸರಿದೆ. ಆದರೆ ಅವನು ನನ್ನ ರಟ್ಟೆ ಹಿಡಿದು ಆಟೋಗಳ ಹಿಂದಕ್ಕೆ, ಗೋಡೆಯ ಮರೆಗೆ ಕರೆದುಕೊಂಡು ಹೋದ.

"ಮೆಲ್ಲಗೆ ಮಾತಾಡಿ ಸಾರ್. ಮೀಕು ದಂಡಂ ಪೆಡ್ತಾನು," ಎಂದು ಕೈಮುಗಿದ.

"ಮೆಲ್ಲಗೆ ಯಾಕೆ? ತಪ್ಪು ಮಾಡದೋನು ಜೋರಾಗೇ ಮಾತಾಡು."

"ಹೋಗಿದ್ದೆ ಸಾರ್, ಹೋಗಿದ್ದೆ! ಬೆಂಕಿ ಇಕ್ಕೋಕಲ್ಲ." ಅವನು ಸ್ಟ್ಯಾಂಡಿನ ಕಡೆ ಒಮ್ಮೆ ನೋಡಿದ. "ನಂಗೂ ಒಂದು ಬಂಡಿ ಕೊಡ್ಸು ಅಂತ ತಿಪ್ಪೇಸ್ವಾಮೀನ ಕೇಳೋಕೆ ಹೋಗಿದ್ದೆ."

ನನಗೆ ನಗು ಬಂತು.

"ನಗ್ಬೇಡಿ. ದುಡಿದಿದ್ದೆಲ್ಲಾ ಡೀಸೆಲ್ ಕುಡೀತೈತೆ ಸಾರ್. ಬೆಳಗ್ಗಿಂದ ಸಂಜೆಗಂಟ ಓಡ್ಸಿದ್ರೆ ಮನೇಗೆ ಅಕ್ಕಿ ತಗೊಂಡೋಗೋಕೆ ಲೆಕ್ಕ ಹಾಕ್ಬೇಕು. ಆ ತಿಪ್ಪೇಸ್ವಾಮಿ ನನ್ನ ಮುಂದೇನೇ ಸದ್ದಿಲ್ದಂಗೆ ಕಡ್ಲೇಕಾಯಿ ಮೂಟೆ ಹಾಕ್ಕೊಂಡು ಹೋಯ್ತಿದ್ದ. ಹೊಟ್ಟೆ ಉರೀತು, ಕೂಗಾಡ್ದೆ. ಇವರೆಲ್ಲಾ ಸೇರಿ ಬ್ಯಾಟರಿ ಬಂಡಿ ಮುಟ್ಬಾರ್ದು ಅಂತ ಆಣೆ ಹಾಕಿದ್ರು, ನಾನೂ ಹಾಕ್ದೆ. ಈಗ ನಾನೇ ಕೇಳೋಕೆ ಹೋಗಿದ್ದೆ ಅಂತ ತಿಳಿದ್ರೆ ಸ್ಟ್ಯಾಂಡಾಗೆ ನಿಲ್ಲೋಕೆ ಬಿಡ್ತಾರಾ?"

ಅವನ ಕಣ್ಣಿನಲ್ಲಿ ನೀರಿತ್ತು.

"ಹೋದಾಗ ಏನು ನೋಡ್ದೆ?"

"ಮನೇಲಿ ಯಾರೂ ಇರ್ಲಿಲ್ಲ. ಉಗ್ರಾಣದ ಬಾಗ್ಲು ಮುಚ್ಚಿತ್ತು. ಸಂದಿನಾಗೆ ದೀಪ ಕಾಣ್ತಿತ್ತು, ಎಣ್ಣೆ ದೀಪ. ಪೂಜೆ ಮಾಡವ್ರೆ, ಈ ಹೊತ್ತಿನಾಗೆ ಕೂಗೋದು ಬ್ಯಾಡ ಅಂತ ಹಂಗೇ ಬಂದ್ಬುಟ್ಟೆ. ನಾನು ಕೂಗಿ ಬಾಗ್ಲು ತೆಗ್ಸಿದ್ರೆ ಅವ್ನು ಉಳೀತಿದ್ನಾ ಸಾರ್?"

"ಗೊತ್ತಿಲ್ಲ ಕಣಯ್ಯ," ಎಂದೆ. ನನಗೆ ಗೊತ್ತಿರಲಿಲ್ಲ.

*

ಹನ್ನೊಂದನೆಯ ದಿನ ಮುಗಿದ ಮೇಲೆ ಉಡುಸಲಮ್ಮ ಕಲ್ಯಾಣದುರ್ಗದಲ್ಲೇ ಅಕ್ಕನ ಮನೆ ಸೇರಿದ್ದಳು. ನಾನು ಹೋದಾಗ ಜಗಲಿಯ ಮೇಲೆ ಕೂತು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದಳು. ಖಾಲಿ ಹಣೆ, ಖಾಲಿ ಕೈ. ಮೂವತ್ತು ದಾಟಿರಲಿಲ್ಲ. ಆನಂದಕುಮಾರನ ಕಡೆಯವನು ಎಂದೆ.

"ಕೂತ್ಕಳಿ ಸಾಮಿ," ಎಂದು ಚೀಲ ಸರಿಸಿದಳು. "ಆನಂದಣ್ಣಂಗೆ ಬೇಲು ಸಿಕ್ತದಾ?"

ಗಂಡನನ್ನು ಕೊಂದ ಎಂದು ಊರೆಲ್ಲ ಅನ್ನುವವನ ಜಾಮೀನಿನ ಬಗ್ಗೆ ಇವಳು ಮೊದಲು ಕೇಳಿದ್ದಕ್ಕೆ ನನಗೆ ಅಚ್ಚರಿಯಾಯಿತು.

"ಅದಕ್ಕೇ ಬಂದೆ ತಾಯಿ." ಕರವಸ್ತ್ರ ಬಿಚ್ಚಿ ದೀಪವನ್ನು ಅವಳ ಮುಂದಿಟ್ಟೆ. "ಇದು ಯಾರದು?"

ಸುಲಿಯುತ್ತಿದ್ದ ಕೈ ನಿಂತಿತು. "ನಂದೇ. ಮದ್ವೇಲಿ ನಮ್ಮವ್ವ ಕೊಟ್ಟಿದ್ದು. ಉಗ್ರಾಣದ ಗೂಡಿನಾಗೆ ಇರ್ತಿತ್ತು. ಎಲ್ಲಿ ಸಿಕ್ತು?"

"ಅಲ್ಲೇ, ಚಪ್ಪಡಿ ಹಿಂದೆ." ಎಷ್ಟು ಕಳ್ಳರನ್ನು ಗದರಿಸಿದವನು, ಈ ನಾಲ್ಕು ಮಾತಿಗೆ ತಡವರಿಸಿದೆ. "ನೋಡಮ್ಮ, ಚಾರ್ಜಿಗಿಟ್ಟ ಬ್ಯಾಟರಿ ಒಂಥರಾ ಗಾಳಿ ಬಿಡುತ್ತೆ. ಬಾಗಿಲು ಹಾಕಿದ ಕೋಣೇಲಿ ದೀಪ ಇದ್ರೆ ಅದು ಹತ್ಕೊಂಡು ಸಿಡಿಯುತ್ತೆ. ಬ್ಯಾಟರಿಲಿ ಏನೂ ದೋಷ ಇರ್ಲಿಲ್ಲ. ನೀನು ಭಕ್ತಿಯಿಂದ್ಲೇ ಹಚ್ಚಿದ್ದೆ. ನಿಂಗೆ ಗೊತ್ತಿರ್ಲಿಲ್ಲ. ಇದ್ರಲ್ಲಿ ನಿಂದು ತಪ್ಪಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಅಳುತ್ತಾಳೆ ಅಂದುಕೊಂಡೆ. ಅವಳಿಗೆ ಸಿಟ್ಟು ಬಂತು.

"ನಾನೆಲ್ಲಿ ಹಚ್ದೆ? ನಾನು ಹಚ್ಚೇ ಇಲ್ಲ!"

"ಶುಕ್ರವಾರ ಅಲ್ವೇನಮ್ಮ?"

"ಶುಕ್ರವಾರಾನೇ. ಬೇಸ್ತವಾರ ನಾನು ಮುಟ್ಟಾಗಿದ್ದೆ. ನೀವು ಗಂಡಸ್ರು, ನಿಮ್ಮ ಮುಂದೆ ಹೇಳೋ ಮಾತಲ್ಲ, ಆದ್ರೂ ಹೇಳ್ತೀನಿ. ಮೂರು ದಿನ ಮನೆ ಒಳೀಕೆ ಹೋಗಿಲ್ಲ, ಊರಾಚೆ ಕೊಟ್ಟಿಗೇಲಿ ಇದ್ದೆ. ದೀಪ ಮುಟ್ಟೋದಿರ್ಲಿ, ಹೊಸ್ತಿಲೂ ತುಳಿದಿಲ್ಲ. ಬೇಕಾದ್ರೆ ಊರೋರ್ನ ಕೇಳಿ."

"ನಿನ್ನ ಗಂಡ?"

"ಹೊಲ್ದಾಗಿದ್ರು. ಅವರು ಬಂದಿದ್ದೇ ಸಾಯೋಕೆ." ಈಗ ಅವಳಿಗೆ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ದೀಪವನ್ನು ಕೈಗೆ ತೆಗೆದುಕೊಂಡಳು. ಎಣ್ಣೆಗೆ ಅಂಟಿದ್ದ ಬತ್ತಿಯನ್ನು ಉಗುರಿನಿಂದ ಬಿಡಿಸಿ, ಬೆರಳ ತುದಿಯಲ್ಲಿ ಉಜ್ಜಿ ನೋಡಿದಳು.

"ಸಾಮಿ, ಈ ಬತ್ತಿ ನಮ್ದಲ್ಲ."

"ಬತ್ತೀಲಿ ನಿಮ್ಮದು, ಬೇರೆಯವರದು ಅಂತ ಇರುತ್ತಾ?"

"ಇರ್ದೆ ಏನು? ನಾವು ಹಳೇ ಪಂಚೆ ಹರ್ದು ಹೊಸೀತೀವಿ. ಇದು ನೂಲು. ಏಳೆಂಟು ಎಳೆ ಸೇರ್ಸಿ ಹುರಿ ಮಾಡವ್ರೆ. ಇಲ್ಲಿ ನೋಡಿ, ತುದೀಲಿ ಸಣ್ಣ ಗಂಟು. ನಮ್ಮೂರಾಗೆ ಇಂಥಾ ಗಂಟು ಯಾರೂ ಹಾಕಲ್ಲ."

ಕನ್ನಡಕ ಹಾಕಿಕೊಂಡು ನೋಡಿದೆ. ಸಾಸಿವೆ ಕಾಳಿನಷ್ಟು ಗಂಟು. ಮಗ್ಗದಲ್ಲಿ ಹರಿದ ಎಳೆಯನ್ನು ಕೂಡಿಸುವಾಗ ನೇಕಾರರು ಹಾಕುವ ಗಂಟು. ಹಿಂದೂಪುರದಲ್ಲಿ ಮೂವತ್ತು ವರ್ಷ ಮಗ್ಗದ ಮನೆಗಳ ಮೀಟರ್ ನೋಡಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಜಂಬುಗಾನಹಳ್ಳಿಯಲ್ಲಿ ಒಂದೂ ಮಗ್ಗವಿಲ್ಲ. ಈ ಕತೆಯಲ್ಲಿ ನೇಕಾರರ ಮನೆ ಅಂತ ಇರುವುದು ಒಂದೇ, ಆನಂದಕುಮಾರನದು.

ಆನಂದಕುಮಾರ್ ನನಗೆ ಸುಳ್ಳು ಹೇಳಿದನೆ? ಬಂಡಿ ಕೊಟ್ಟ ಮೇಲೆ ಆ ಊರಿನ ಕಡೆ ತಲೆಯೇ ಹಾಕಿಲ್ಲ ಎಂದು ಅವನು ಸಬ್‌ಜೈಲಿನ ಕಂಬಿ ಹಿಡಿದು ಹೇಳಿದ್ದ.

ಹೊರಡಲು ಎದ್ದೆ. ಉಡುಸಲಮ್ಮ ನನ್ನ ಹಿಂದೆಯೇ ಬೀದಿಯವರೆಗೆ ಬಂದಳು.

"ಸಾಮಿ, ಒಂದ್ ಮಾತು. ಬಂಡಿ ಗಂಡನ್ನ ತಿಂತು, ಬಿಸಾಕು ಅಂತಾರೆ ಎಲ್ರೂ. ನಾನು ಬಿಸಾಕಲ್ಲ. ನಾಲ್ಕೇ ದಿನ ಓಡ್ಸಿದ್ವಿ. ಆ ನಾಲ್ಕು ದಿನ ನಾನು ತಲೆ ಮ್ಯಾಲೆ ಮೂಟೆ ಇಕ್ಕಿಲ್ಲ. ನಮ್ಮ ಯಜಮಾನ್ರು ನನ್ನೂ ಹಿಂದೆ ಕೂರಿಸ್ಕೊಂಡು ಪ್ಯಾಟೆಗೆ ಹೋಗಿದ್ರು, ರಾಣಿ ಹಂಗೆ ಕೂತವ್ಳೆ ಅಂತ ನಗಾಡ್ಕೊಂಡು. ಆನಂದಣ್ಣ ಹೊರೀಕೆ ಬಂದ್ರೆ ಅದನ್ನ ರಿಪೇರಿ ಮಾಡ್ಕೊಡೋಕೆ ಹೇಳಿ. ನಾನೇ ಓಡಿಸ್ತೀನಿ."

ನಾನು ತಲೆಯಾಡಿಸಿದೆ.

*

ಹಿಂದೂಪುರದ ಬಸ್ಸು ಪೆನುಕೊಂಡದ ಹತ್ತಿರ ಪಂಕ್ಚರ್ ಆಗಿ, ನನ್ನ ಸಹನೆಯೂ ಅದರ ಜೊತೆಗೇ ಹೋಗಿ, ಊರು ಸೇರುವಾಗ ಆರು ಗಂಟೆ. ಬೀದಿಯ ತುಂಬಾ ಮಗ್ಗದ ಲಟಪಟ. ಆನಂದಕುಮಾರನ ಮನೆಯ ಮಗ್ಗ ಮಾತ್ರ ಸುಮ್ಮನಿತ್ತು. ಅವನ ಹೆಂಡತಿ ಇಂದ್ರಾಣಿ ಬಾಗಿಲಲ್ಲೇ ಕೂತಿದ್ದಳು.

"ಕದಿರಮ್ಮಕ್ಕ ಇಲ್ವಾ?"

"ಅತ್ತೆ ಊರಿಗೋಗವ್ರೆ ಸಾರ್. ಬನ್ನಿ, ಕಾಫಿ ಮಾಡ್ತೀನಿ."

"ಕಾಫಿ ಆಮೇಲೆ. ಇದನ್ನ ನೋಡಮ್ಮ." ಬತ್ತಿಯನ್ನು ಅಂಗೈಯಲ್ಲಿಟ್ಟು ಚಾಚಿದೆ.

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಇದು ನಮ್ಮ ಅತ್ತೆ ಹೊಸೆದಿದ್ದು. ಸೀರೆ ಇಳಿಸ್ದಾಗ ಮಗ್ಗದಲ್ಲಿ ತುಂಡು ನೂಲು ಉಳೀತೈತಲ್ಲ, ಅದ್ರದ್ದು. ನಿಮ್ಮ ಹತ್ರ ಹೆಂಗೆ ಬಂತು?"

ಬಾಗಿಲ ಪಟ್ಟಿಯನ್ನು ಹಿಡಿದುಕೊಂಡೆ. "ಕದಿರಮ್ಮಕ್ಕ ಜಂಬುಗಾನಹಳ್ಳಿಗೆ ಹೋಗಿದ್ರಾ?"

"ಹೂಂ. ಮೊದಲ ದೀಪ ಹಚ್ಚೋಕೆ."

"ಯಾವ ಮೊದಲ ದೀಪ?"

"ನಮ್ಮ ಮನೇಲಿ ಒಂದು ಪದ್ಧತಿ ಸಾರ್. ನಮ್ಮ ಮಾವನೋರು ಮಗ್ಗ ಕಟ್ಟಿಕೊಡ್ತಿದ್ರು. ಹೊಸ ಮಗ್ಗ ಯಾರ ಮನೆಗೋದ್ರೂ, ಮೊದಲ್ನೇ ಶುಕ್ರವಾರ ಕಟ್ಟಿದವನ ತಾಯಿ ಹೋಗಿ ದೀಪ ಹಚ್ಚಿ ಬರ್ಬೇಕು. ದೀಪ, ಎಣ್ಣೆ ಆ ಮನೇದೇ. ಬತ್ತಿ ಮಾತ್ರ ನಮ್ಮ ಮಗ್ಗದ್ದು. ಹಚ್ಚೋವರ್ಗೂ ಯಾರ ಜೊತೇಲೂ ಮಾತಾಡಂಗಿಲ್ಲ, ನೀರು ಕುಡಿಯಂಗಿಲ್ಲ, ಯಾರ್ಗೂ ಹೇಳ್ದೇನೇ ಬಂದ್ಬುಡ್ಬೇಕು. ಗಾಳಿಗೆ ದೀಪ ಆರ್ಬಾರ್ದು ಅಂತ ಬಾಗ್ಲು ಹಾಕ್ಕೊಂಡು ಬರ್ಬೇಕು. ಆರಿದ್ರೆ ಕಟ್ಟಿದವನಿಗೆ ಕೇಡು ಅಂತಾರೆ. ಈಗ ಮಗ ಕಟ್ಟೋದು ಬಂಡಿ. ಅತ್ತೆಗೆ ಎಲ್ಲಾ ಒಂದೇ, ಎಲ್ಲಾ ಮನೆಗೂ ಹೋಗಿ ಹಚ್ಚಿ ಬಂದವ್ರೆ."

ಬೇರೆ ಮನೆಗಳಲ್ಲಿ ಬಂಡಿ ಜಗಲಿಯಲ್ಲಿರುತ್ತಿತ್ತು, ದೀಪ ಒಳಗಿನ ಗೂಡಿನಲ್ಲಿ. ಏನೂ ಆಗಲಿಲ್ಲ. ಜಂಬುಗಾನಹಳ್ಳಿಯಲ್ಲಿ ಮಾತ್ರ ಎರಡೂ ಒಂದೇ ಕೋಣೆಯಲ್ಲಿದ್ದವು.

"ಇದನ್ನ ನಂಗೆ ಯಾಕಮ್ಮ ಮೊದಲೇ ಹೇಳ್ಲಿಲ್ಲ?" ನನ್ನ ದನಿ ಏರಿತು.

"ನೀವು ದೀಪದ ವಿಷ್ಯ ಕೇಳ್ಲೇ ಇಲ್ವಲ್ಲ ಸಾರ್."

ನಿಜ. ಕೇಳಿರಲಿಲ್ಲ. ಬ್ಯಾಟರಿ, ವೈರು, ಆಟೋದವರ ಹಗೆ, ಎಲ್ಲವನ್ನೂ ಕೇಳಿದ್ದೆ. ಯಾರು ಮಾಡಿದ್ರು ಅಂತ ಹುಡುಕಿಕೊಡು ಎಂದು ನನ್ನ ಕೈ ಹಿಡಿದವಳೇ ಅದನ್ನು ಮಾಡಿದ್ದಳು, ಮಗನಿಗೆ ಒಳ್ಳೆಯದಾಗಲಿ ಎಂದು. ಅವನನ್ನು ಸೋಮವಾರ ಬಿಡಿಸಬಲ್ಲ ಸಾಕ್ಷಿಯೂ ಅವಳೊಬ್ಬಳೇ. ಆ ಮುದುಕಿಗೆ ಇದನ್ನು ನಾನೇ ಹೇಳಬೇಕು. ದೇವರೇ, ಈ ಕೇಸು ನನಗೆ ಯಾಕಾದರೂ ಬಂತು ಅನಿಸಿತು.

"ಈಗ ಯಾವ ಊರಿಗೆ ಹೋಗಿದ್ದಾರೆ?"

"ರೊದ್ದಂಗೆ. ಜಂಬುಗಾನಹಳ್ಳಿ ದೀಪ ಆರೋಗಿರ್ಬೇಕು, ಅದಕ್ಕೇ ಈ ಕೇಡು ಬಂತು ಅಂತ ಅತ್ತೆ ಮನ್ಸಿಗೆ ಹಚ್ಕೊಂಡ್ಬುಟ್ಟವ್ರೆ. ಮಗ ಹೊರಗೆ ಬರ್ಬೇಕಾದ್ರೆ ಎಲ್ಲಾ ಮನೇಲೂ ಮತ್ತೆ ಹಚ್ಬೇಕಂತೆ. ಇವತ್ತು ಶುಕ್ರವಾರ ಅಲ್ವಾ, ಮೊದಲು ಮುನೆಮ್ಮನ ಮನೆಗೆ ಅಂತ ಮಧ್ಯಾಹ್ನದ ಬಸ್ಸಿಗೆ ಹೋದ್ರು."

"ಮುನೆಮ್ಮನ ಬಂಡಿ ಎಲ್ಲಿದೆ? ಜಗಲೀಲಿ ತಾನೆ?"

"ಇಲ್ಲ ಸಾರ್. ಜಪ್ತಿ ಮಾಡ್ತಾರೆ ಅಂತ ಸುದ್ದಿ ಬಂತಲ್ಲ. ಎಲ್ರೂ ಒಳಗೆ ತಳ್ಳಿ ಬಚ್ಚಿಟ್ಟವ್ರೆ."

ಮುನೆಮ್ಮನಿಗೆ ರೊದ್ದಂನಲ್ಲಿ ಸಣ್ಣ ಚಿಲ್ಲರೆ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಅಂಗಡಿಯ ಕಾಯಿನ್ ಫೋನಿನ ನಂಬರ್ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿತ್ತು. ನನ್ನ ಮೊಬೈಲಿನಲ್ಲಿ ಒತ್ತಿದೆ. ಮೊದಲ ಸಲ ನಂಬರ್ ತಪ್ಪಿತು. ಎರಡನೆಯ ಸಲ ಗಂಟೆ ಹೊಡೆಯಿತು. ಐದು. ಆರು. ಏಳು.

"ಎವರು?" ಹೆಂಗಸಿನ ದನಿ.

"ಮುನೆಮ್ಮನಾ? ಹಿಂದೂಪುರದಿಂದ ಅಶ್ವತ್ಥಪ್ಪ. ನಿಮ್ಮ ಬಂಡಿ ಚಾರ್ಜಿಗಿದ್ಯಾ?"

"ಐತೆ ಸಾರ್, ಹಿಂದಿನ ಕೋಣೇಲಿ. ಮಧ್ಯಾಹ್ನದಿಂದ್ಲೂ ಹಾಕಿವ್ನಿ. ಯಾಕೆ?"

"ಕದಿರಮ್ಮ ಬಂದಿದ್ದಾರಾ?"

"ಬಂದವ್ರಲ್ಲ. ಆಗ್ಲೇ ಒಳಗಿಂದ ಬಂದು ಬಸ್ಸಿಗೆ ಕಾಯ್ತಾವ್ರೆ. ಇಗೋ, ಕೊಡ್ತೀನಿ."

ನಾನು ಬೇಡ ಅನ್ನುವಷ್ಟರಲ್ಲಿ ಫೋನು ಕೈ ಬದಲಾಗಿತ್ತು.

"ಅಶ್ವತ್ಥಪ್ಪ? ಸಿಕ್ಕಿದ್ನಾ ಕಣಪ್ಪ, ನನ್ನ ಮಗನ್ನ ಸಿಕ್ಸಿ ಹಾಕ್ದೋನು?"

"ಅಕ್ಕ, ಅದು ಆಮೇಲೆ. ದೀಪ ಹಚ್ಚಿದ್ರಾ?"

"ಹಚ್ಚಿ ಕಾಲು ಗಂಟೆ ಆಯ್ತು. ನಿಂಗ್ಯಾರು ಹೇಳಿದ್ರು? ಈ ಸಲ ಆರಲ್ಲ ಕಣಪ್ಪ. ಬಾಗ್ಲು ಹಾಕಿ, ಕೆಳಗಿನ ಸಂದಿಗೂ ಬಟ್ಟೆ ತುರುಕಿ ಬಂದಿವ್ನಿ. ಒಂಚೂರೂ ಗಾಳಿ ಹೋಗಲ್ಲ."

"ಅಕ್ಕ, ನಾನು ಹೇಳೋದು ಕೇಳಿ. ಮುನೆಮ್ಮಂಗೆ ಹೇಳಿ ಮೈನ್ ಆಫ್ ಮಾಡ್ಸಿ. ಎಲ್ರೂ ಬೀದಿಗೆ ಬನ್ನಿ. ಆ ಬ್ಯಾಟರಿಯಿಂದ ಉರಿಯೋ ಗಾಳಿ ಬರುತ್ತೆ. ಮುಚ್ಚಿದ ಕೋಣೇಲಿ ದೀಪ ಇದ್ರೆ ಸಿಡಿಯುತ್ತೆ."

"ದೀಪ ಹಚ್ಚಿದ್ರೆ ಸಿಡೀತೈತಾ? ಏನು ಹಂಗಂದ್ರೆ?"

ಸುಳ್ಳು ಹೇಳಲು ಸಮಯವಿರಲಿಲ್ಲ. "ಜಂಬುಗಾನಹಳ್ಳೀಲಿ ಸಿಡಿದಿದ್ದೂ ದೀಪದಿಂದ್ಲೇ ಅಕ್ಕ."

ಆ ಕಡೆ ಅಂಗಡಿಯಲ್ಲಿ ಯಾರೋ ಬೆಲ್ಲ ಕೇಳುತ್ತಿದ್ದರು. ಅವಳ ಉಸಿರು ಕೇಳಿಸುತ್ತಿತ್ತು.

"ಅಂದ್ರೆ," ಎಂದಳು ಕದಿರಮ್ಮ. ದನಿ ಬಹಳ ಚಿಕ್ಕದಾಗಿತ್ತು. "ಆ ಹುಡ್ಗ ಸತ್ತಿದ್ದು ನನ್ನಿಂದ್ಲಾ?"

"ಅಕ್ಕ, ಮೊದಲು ಹೊರಗೆ ಬನ್ನಿ. ಮೈನ್..."

"ನಾನೇ ಹಚ್ಚಿದ್ದಲ್ವಾ? ನಾನೇ ಆರಿಸ್ತೀನಿ."

"ಬಾಗಿಲು ತೆಗೀಬೇಡಿ! ಅಕ್ಕ! ಬಾಗಿಲ ಹತ್ರ ಹೋಗ್ಬೇಡಿ!"

ರಿಸೀವರ್ ಕೆಳಕ್ಕೆ ಬಿದ್ದು ಗೋಡೆಗೆ ಬಡಿಯಿತು. "ಎಕ್ಕಡಿಕಿ ಅಮ್ಮಾ?" ಎಂದು ಮುನೆಮ್ಮ ಕೂಗಿದಳು. ಬರಿಗಾಲಿನ ಓಟ ಒಳಗೆ ಒಳಗೆ ಹೋಯಿತು. ನಾನು ಹಿಂದೂಪುರದಲ್ಲಿ ನಿಂತು ಅರಚುತ್ತಿದ್ದೆ. ಇಂದ್ರಾಣಿ ನನ್ನ ತೋಳು ಹಿಡಿದು ಏನಾಯ್ತು ಸಾರ್, ಏನಾಯ್ತು ಎನ್ನುತ್ತಿದ್ದಳು.

ನೇತಾಡುವ ಆ ಫೋನಿನೊಳಗೆ, ದೂರದಲ್ಲಿ, ಕಬ್ಬಿಣದ ಚಿಲಕ ಸರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.